ಎಲ್ಸಾ ಯಾವೂರಾಕಿ?

2023ರ ಮೇ ಕೊನೆ ಮತ್ತು ಜೂನ್ ಮೊದಲ ದಿನ, ಒಂದು ವಾರದ ಅಂತರದಲ್ಲಿ ಎರಡು ಸಿನಿಮಾ ಬಂದವು. ಒಂದು ಡಿಸ್ನಿಯ ‘ದಿ ಲಿಟಲ್ ಮರ್ಮೇಡ್’. 1989ರ ಕಾರ್ಟೂನಿನಲ್ಲಿ ಬಿಳಿ ಮೈ, ಕೆಂಪು ಕೂದಲಿನ ಏರಿಯಲ್ ಇದ್ದಳಲ್ಲ, ಆ ಪಾತ್ರಕ್ಕೆ ಈ ಸಲ ಕಪ್ಪು ಹುಡುಗಿ ಹ್ಯಾಲಿ ಬೇಲಿ. ಇನ್ನೊಂದು ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’. ಅದರಲ್ಲಿ ಪೀಟರ್ ಪಾರ್ಕರ್‌ನ ಭಾರತೀಯ ಅವತಾರ ಪವಿತ್ರ್ ಪ್ರಭಾಕರ್. ಈ ಸಿನಿಮಾ ನಮ್ಮಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಯಲ್ಲಿ ತೆರೆ ಕಂಡಿತು. ಹಿಂದಿ ಮತ್ತು ಪಂಜಾಬಿಯಲ್ಲಿ ಪವಿತ್ರ್‌ಗೆ ದನಿ ಕೊಟ್ಟಿದ್ದು ಕ್ರಿಕೆಟರ್ ಶುಭಮನ್ ಗಿಲ್.

ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಆ ವಾರ ನಡೆದ ಮಾತು ಬಲು ಮಜವಾಗಿತ್ತು. ಪವಿತ್ರ್ ಬಗ್ಗೆ ಎಲ್ಲರಿಗೂ ಖುಷಿಯೋ ಖುಷಿ. “ಕೊನೆಗೂ ನಮ್ಮವನೊಬ್ಬ ಬಂದ ನೋಡು!” ಅದೇ ಬಾಯಿ, ಅದೇ ಊಟದ ಡಬ್ಬಿ, ಮಾತು ಏರಿಯಲ್ ಕಡೆ ತಿರುಗಿದ ಕೂಡಲೇ ಬೇರೆ ರಾಗ: “ಅಲ್ಲಾ ಮಾರಾಯಾ, ಮತ್ಸ್ಯಕನ್ಯೆ ಕಪ್ಪಗೆ ಇರೋದು ಹೆಂಗೆ? ಒರಿಜಿನಲ್ ಯಾಕೆ ಕೆಡಿಸಬೇಕು?” ಅವಳು ಸೊಂಟದ ಕೆಳಗೆ ಮೀನಾಗಿರೋದಕ್ಕೆ ಯಾರ ತಕರಾರೂ ಇರಲಿಲ್ಲ. ಪೀಟರ್ ಪಾರ್ಕರ್ ಕೂಡ ಒರಿಜಿನಲ್ಲೇ ಅಲ್ಲವಾ ಅಂತ ಕೇಳಿದರೆ, “ಅದು ಬೇರೆ ಬಿಡು” ಅನ್ನೋ ಉತ್ತರ.

ಅದು ಬೇರೆ ಯಾಕಾಯ್ತು ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡಬೇಕು ಅನಿಸಿ ಇದನ್ನ ಬರೀತಿದೀನಿ. ಕಾರ್ಟೂನ್ ಪಾತ್ರಗಳ ಮೈಬಣ್ಣ ಬದಲಿಸೋದು, ಅವಕ್ಕೊಂದು ನೆಲ, ಒಂದು ಊಟ, ಒಂದು ಭಾಷೆ ಕೊಡೋದು ಈಗ ಲೋಕದ ತುಂಬ ನಡೆದಿದೆ. ಚಿತ್ರ ಬರೆಯೋರು ಹತ್ತಾರು ವರ್ಷದಿಂದ ಹವ್ಯಾಸಕ್ಕೆ ಮಾಡ್ತಾ ಬಂದಿದ್ದನ್ನ ಈಗ ಸ್ಟುಡಿಯೋಗಳು ದುಡ್ಡು ಹಾಕಿ ಮಾಡ್ತಿವೆ, ಎಐ ಪುಕ್ಕಟೆ ಮಾಡ್ತಿದೆ. ಇಷ್ಟೆಲ್ಲಾ ಬಂದ ಮೇಲೆ ಒಳ್ಳೇದು ಯಾವುದು, ಬರೀ ವೇಷ ಯಾವುದು ಅಂತ ಹೇಳೋದಕ್ಕೊಂದು ಅಳತೆಗೋಲು ಬೇಕಲ್ಲ.

ಮೊದಲು ಕಪ್ಪು ಬಣ್ಣದ ಮಾತು ಮುಗಿಸಿಬಿಡೋಣ. ಇಂಗ್ಲಿಷಿನವರು ಬಿಳಿಯರಲ್ಲದ ಎಲ್ಲರನ್ನೂ ಒಂದೇ ಚೀಲಕ್ಕೆ ಹಾಕಿ ‘ಬಣ್ಣದ ಜನ’ ಅಂತಾರೆ. ಕನ್ನಡದಲ್ಲಿ ಅಂಥ ಚೀಲ ಇಲ್ಲ. ನಮ್ಮಲ್ಲಿ ಎಣ್ಣೆಗಪ್ಪು ಇದೆ, ಗೋಧಿಬಣ್ಣ ಇದೆ, ಎಣ್ಣೆಗೆಂಪು ಇದೆ. ಬೆಳಗಾವಿ ಕಡೆ ಬೆಳ್ಳಗಿರೋ ಹುಡುಗಿಗೆ “ಕೆಂಪಗದಾಳ” ಅಂತೀವಿ. ಹೆಣ್ಣು ನೋಡಿ ಬಂದವರು ಮೊದಲು ಹೇಳೋ ವಾಕ್ಯವೇ ಅದು. ನೂರು ಛಾಯೆ ಗುರುತಿಸೋ ಕಣ್ಣು ನಮಗಿದೆ, ಆದರೆ ಗುರುತಿಸಿದ ಮೇಲೆ ಏಣಿಯ ಮೆಟ್ಟಿಲ ಹಾಗೆ ಜೋಡಿಸಿ ಇಡ್ತೀವಿ. ‘ಛೋಟಾ ಭೀಮ್’ ನೋಡಿ. 2008ರಲ್ಲಿ ಹೈದರಾಬಾದಿನ ಗ್ರೀನ್ ಗೋಲ್ಡ್ ಶುರು ಮಾಡಿದ್ದು, ಅಪ್ಪಟ ದೇಸಿ, ಲಾಡು, ಧೋತರ, ಕುಸ್ತಿ ಎಲ್ಲಾ ಇದೆ. ಅದರಲ್ಲಿ ಹೊಟ್ಟೆಬಾಕ, ಹೊಟ್ಟೆಕಿಚ್ಚಿನ, ದಾದಾಗಿರಿ ಮಾಡೋ ಹುಡುಗ ಯಾರು? ಕಾಲಿಯಾ. ಹೆಸರೇ ‘ಕರಿಯ’. ಮೈಯೂ ಹಾಗೇ. ಯಾವ ಪಾಶ್ಚಾತ್ಯ ಸ್ಟುಡಿಯೋ ಬಂದು ಇದನ್ನ ನಮ್ಮ ಮೇಲೆ ಹೇರಲಿಲ್ಲ.

ನನ್ನೂರು ಗುಂಜಿ. ಖಾನಾಪುರ ಬಿಟ್ಟು ಲೋಂಡಾ ಕಡೆ ಹೋಗೋ ರೈಲು ಹಾದಿಯಲ್ಲಿ ಸಿಗುತ್ತೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಊರು ದಾಟಿದರೆ ಕಾಡು. ನಮ್ಮ ತಾಲೂಕಿನಲ್ಲೂ, ಆಚೆ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯಲ್ಲೂ ಸಿದ್ದಿ ಜನ ಇದ್ದಾರೆ. ಆಫ್ರಿಕಾದಿಂದ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು. ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಡಮಾಮಿ ಬಾರಿಸ್ತಾರೆ, ಹಳೇ ಬಟ್ಟೆ ಜೋಡಿಸಿ ಅವರು ಹೊಲಿಯೋ ಕೌದಿಯನ್ನ ಈಗ ದೊಡ್ಡ ದೊಡ್ಡ ಗ್ಯಾಲರಿಗಳಲ್ಲಿ ತೂಗುಹಾಕ್ತಾರೆ. ಕೊಂಕಣಿ, ಕನ್ನಡ, ಮರಾಠಿ ಮೂರೂ ಬರುತ್ತೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಜಿಲ್ಲೆಯ ಗಡಿ ಈಚೆ ಇರೋ ಬೆಳಗಾವಿ, ಧಾರವಾಡದ ಸಿದ್ದಿಗಳಿಗೆ ಅದೇ ಸ್ಥಾನ ಸಿಗೋಕೆ 2020ರ ತನಕ ಕಾಯಬೇಕಾಯ್ತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. 2021ರ ‘ಸಲಗ’ ಸಿನಿಮಾದ ಸಿದ್ದಿ ಹಾಡಿಗೆ ನಮ್ಮ ಆಫೀಸಿನವರೇ ರೀಲ್ಸ್ ಮಾಡಿ ಕುಣಿದಿದ್ದರು.

ಅಂದರೆ, ಕಪ್ಪು ಮೈ, ಗುಂಗುರು ಕೂದಲು, ಬಾಯಲ್ಲಿ ಕನ್ನಡ ಇರೋ ಒಬ್ಬ ರಾಜಕುಮಾರಿಯನ್ನ ಯಾರಾದರೂ ಬರೆದರೆ ಅದು ಅಮೆರಿಕದಿಂದ ತಂದ ಫ್ಯಾಷನ್ ಆಗಬೇಕಿಲ್ಲ. ಸಂಗೊಳ್ಳಿ ರಾಯಣ್ಣನನ್ನ 1831ರಲ್ಲಿ ಗಲ್ಲಿಗೇರಿಸಿದ್ದು ನಮ್ಮದೇ ತಾಲೂಕಿನ ನಂದಗಡದಲ್ಲಿ. ಅವನ ಜೊತೆ ಹೋರಾಡಿದ ಸಿದ್ದಿ ಗಜವೀರನ ಹೆಸರನ್ನ ಜನಪದ ಇವತ್ತಿಗೂ ಮರೆತಿಲ್ಲ. ಒಬ್ಬ ಸೂಪರ್‌ಹೀರೋಗೆ ಇನ್ನೇನು ಬೇಕು? ಆದರೆ ‘ಕರ್ನಾಟಕದ ಡಿಸ್ನಿ ರಾಜಕುಮಾರಿಯರು’ ಅಂತ ವಾಟ್ಸಾಪಿನಲ್ಲಿ ಓಡಾಡೋ ಚಿತ್ರಗಳಲ್ಲಿ ಸಿದ್ದಿ ಹುಡುಗಿಯನ್ನ ನಾನು ಒಂದು ಸಲವೂ ನೋಡಿಲ್ಲ.

ಈಗ ಪವಿತ್ರ್ ವಿಷಯ. ಅವನು ಹುಟ್ಟಿದ್ದು 2023ರಲ್ಲಿ ಅಲ್ಲ, 2004ರಲ್ಲಿ. ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಜೀವನ್ ಕಾಂಗ್ ಸೇರಿ ಮಾರ್ವೆಲ್‌ನ ಅನುಮತಿಯಲ್ಲಿ ಮಾಡಿದ ‘ಸ್ಪೈಡರ್‌ಮ್ಯಾನ್: ಇಂಡಿಯಾ’ ಅನ್ನೋ ನಾಲ್ಕು ಸಂಚಿಕೆಯ ಕಾಮಿಕ್ಸ್. ಹೆಸರುಗಳನ್ನ ಕಟ್ಟಿದ ರೀತಿ ನಗು ತರಿಸುತ್ತೆ. ಪೀಟರ್ ಪಾರ್ಕರ್ ಪವಿತ್ರ್ ಪ್ರಭಾಕರ್ ಆದ, ಮೇರಿ ಜೇನ್ ಮೀರಾ ಜೈನ್ ಆದಳು, ಅಂಕಲ್ ಬೆನ್ ಭೀಮ್ ಕಾಕಾ ಆದರು, ಆಂಟ್ ಮೇ ಮಾಯಾ ಆದರು. ಫೈಂಡ್ ಅಂಡ್ ರಿಪ್ಲೇಸ್ ಒತ್ತಿದ ಹಾಗೆ. ಜೇಡ ಕಚ್ಚೋ ಬದಲು ಒಬ್ಬ ಯೋಗಿ ಬಂದು ಶಕ್ತಿ ಕೊಡ್ತಾನೆ. ವಿಲನ್ ನಳಿನ್ ಒಬೆರಾಯ್ ತಾಯತದ ಬಲದಿಂದ ರಾಕ್ಷಸ ಆಗ್ತಾನೆ. ವಿಜ್ಞಾನ ಅವರಿಗೆ, ಮಂತ್ರ ನಮಗೆ! ಇಲ್ಲಿ ಪರಮಾಣು ಕೇಂದ್ರ ಇಲ್ಲವಾ, ಐಐಎಸ್ಸಿ ಇಲ್ಲವಾ? ಆ ಭಾಗ ಓದುವಾಗ ಹಲ್ಲು ಕಡಿಯೋ ಹಾಗಾಗುತ್ತೆ.

ಆದರೂ ಆ ಕಾಮಿಕ್ಸಿನಲ್ಲಿ ಒಂದು ನಿಜ ಇತ್ತು. ಆ ಪವಿತ್ರ್ ಹಳ್ಳಿ ಹುಡುಗ. ಸ್ಕಾಲರ್‌ಶಿಪ್ ಮೇಲೆ ಮುಂಬೈಗೆ ಓದೋಕೆ ಬಂದವನು. ಧೋತರ ಉಟ್ಟು ಶಾಲೆಗೆ ಹೋದಾಗ ಪೇಟೆ ಹುಡುಗರು ಗೇಲಿ ಮಾಡ್ತಾರೆ. ಮೂಲ ಪೀಟರ್ ಪಾರ್ಕರ್‌ನ ಸಂಕಟ ಏನು? ಚಷ್ಮಾ ಹಾಕಿದ ಬಡ ಹುಡುಗ, ಹೊರಗಿನವನು, ಯಾರೂ ಲೆಕ್ಕಕ್ಕೆ ಇಡದವನು. ಆ ಸಂಕಟಕ್ಕೆ ಭಾರತದಲ್ಲಿ ಸಮನಾದದ್ದು ಯಾವುದು ಅಂತ ಹುಡುಕಿದರೆ ಸಿಗೋದು ಅದೇ: ಕನ್ನಡ ಮೀಡಿಯಮ್ಮಿನಲ್ಲೋ ಮರಾಠಿ ಮೀಡಿಯಮ್ಮಿನಲ್ಲೋ ಓದಿ ಬಿಇ ಸೀಟು ಹಿಡಿದು, ಹಾಸ್ಟೆಲ್ಲಿಗೆ ಟ್ರಂಕು ತಂದವನು. ಮೊದಲ ಸೆಮಿಸ್ಟರಿನ ವೈವಾದಲ್ಲಿ ಉತ್ತರ ಗೊತ್ತಿದ್ದೂ ಇಂಗ್ಲಿಷ್ ಬಾರದೆ ಸುಮ್ಮನೆ ನಿಂತವರಿಗೆ ಈ ಪುಟಗಳು ಯಾಕೆ ತಟ್ಟುತ್ತವೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಹೆಸರು ಬದಲಿಸೋದು ಮೇಲುಮೇಲಿನ ಅನುವಾದ, ಅವಮಾನಕ್ಕೆ ಸಮನಾದ ಅವಮಾನ ಹುಡುಕಿ ಇಡೋದು ಒಳಗಿನ ಅನುವಾದ. ಆ ಕಾಮಿಕ್ಸ್ ಮೊದಲನೇದರಲ್ಲಿ ಎಡವಿ ಎರಡನೇದರಲ್ಲಿ ಗೆದ್ದಿತ್ತು.

ಸಿನಿಮಾ ಇದನ್ನ ತಿರುಗಿಸಿ ಹಾಕಿತು. ನೋಡೋಕೆ ಮುಂಬಟ್ಟನ್ ಹಬ್ಬದ ಹಾಗಿದೆ. ಮುಂಬೈ ಮತ್ತು ಮ್ಯಾನ್‌ಹಟನ್ ಸೇರಿಸಿ ಕಟ್ಟಿದ ಆ ಊರಿನ ಬಣ್ಣ, ಗೆರೆ ಎರಡರಲ್ಲೂ ಹಳೇ ಭಾರತೀಯ ಕಾಮಿಕ್ಸ್ ಪುಟದ ವಾಸನೆ ಇದೆ. ಪವಿತ್ರ್‌ನ ದಟ್ಟ ಕೂದಲು, ಕೈಕಡಗದಿಂದ ಯೋಯೋ ಹಾಗೆ ಬಿಡೋ ಬಲೆ, ಕಳರಿಯ ಹೆಜ್ಜೆ, ಎಲ್ಲಾ ಚಂದ. ‘ಚಾಯ್ ಟೀ’ ಅಂದವನಿಗೆ ಅವನು ಬೈಯೋ ಜಾಗದಲ್ಲಿ ಥಿಯೇಟರಿನಲ್ಲಿ ಸೀಟಿ ಬಿತ್ತು. ಬ್ರಿಟಿಷರು ಕದ್ದ ಮಾಲಿನ ಬಗ್ಗೆ ಅವನ ಕುಹಕಕ್ಕೂ ಸೀಟಿ. ನಾನೂ ನಕ್ಕೆ. ಆದರೆ ಗಮನಿಸಿ, ಈ ಎರಡೂ ಜೋಕು ಹೊರಗಿನವನಿಗೆ ಮಾಡಿದ್ದು. ಅಮೆರಿಕದಿಂದ ಬಂದ ಅತಿಥಿಗೆ ‘ನಾವು ಹೀಗೆ’ ಅಂತ ತಿದ್ದಿ ಹೇಳೋದು. ಊರೊಳಗೆ ನಾವು ನಾವೇ ಇದ್ದಾಗ ಚಹಾ ಅಂದರೆ ಏನು ಅನ್ನೋ ವಿಷಯ ಯಾರೂ ಎತ್ತೋದಿಲ್ಲ. ಸಕ್ಕರೆ ಎಷ್ಟು, ಹಾಲು ಯಾರ ಮನೇದು, ಬಂದವರಿಗೆ ಕಪ್ಪೋ ಪ್ಲಾಸ್ಟಿಕ್ ಲೋಟವೋ, ಜಗಳ ಇರೋದು ಅಲ್ಲಿ.

ಸಿನಿಮಾದ ಪವಿತ್ರ್ ಸುಖಿ. ಸ್ಪೈಡರ್‌ಮ್ಯಾನ್ ಆಗಿ ಆರೇ ತಿಂಗಳು, ಎಲ್ಲಾ ಸಲೀಸು. ಹುಡುಗಿ ಗಾಯತ್ರಿ, ಅವಳಪ್ಪ ಪೊಲೀಸ್ ಇನ್ಸ್‌ಪೆಕ್ಟರ್ ಸಿಂಗ್. ಬಡತನದ, ಹೊಗೆಯ, ಕೊಳೆಗೇರಿಯ ಭಾರತವನ್ನೇ ನೋಡಿ ಬೇಸತ್ತವರಿಗೆ ಈ ಸುಖ ಒಂದು ಉತ್ತರ ಅನ್ನೋದು ಒಪ್ಪೋ ಮಾತೇ. ಆದರೆ ಧೋತರದ ಕಥೆ ಏನಾಯ್ತು ನೋಡಿ. ಕಾಮಿಕ್ಸಿನಲ್ಲಿ ಅದು ಗೇಲಿಗೆ ಕಾರಣ, ಸಿನಿಮಾದಲ್ಲಿ ಅದು ಸ್ಟೈಲು. ಬಟ್ಟೆ ಉಳಿಯಿತು, ಅದರ ಹಿಂದಿನ ಹುಡುಗ ಹೋದ. ಚೆನ್ನಾಗಿ ಕೂತ ಹೇರ್‌ಸ್ಟೈಲಿಗಿಂತ ನನಗೆ ಆ ಹಳೇ, ಒರಟು ಗೆರೆಯ ಪವಿತ್ರ್ ಹತ್ತಿರದವನು.

ಇನ್ನು ಎಐ ರಾಜಕುಮಾರಿಯರು. ನನ್ನ ಅಕ್ಕನ ಮಗಳಿಗೆ ಏಳು ವರ್ಷ, ಊರಲ್ಲೇ ಇದ್ದಾಳೆ. ಗ್ರೂಪಿಗೆ ಬಂದ ಒಂದು ಚಿತ್ರವನ್ನ ಅವಳಿಗೆ ತೋರಿಸಿದೆ. ಫ್ರೋಜನ್‌ನ ಎಲ್ಸಾ, ಇಳಕಲ್ ಸೀರೆಯಲ್ಲಿ, ಹಿಂದೆ ಬಾದಾಮಿಯ ಗುಡ್ಡ. ಹುಡುಗಿ ಫೋನು ಹತ್ತಿರ ತಗೊಂಡು ಹಿಗ್ಗಿಸಿ ನೋಡಿ ಕೇಳಿದ್ದು ಒಂದೇ: “ಮಾಮಾ, ಇಕಿ ಯಾವೂರಾಕಿ?”

“ಬಾದಾಮಿಯಾಕಿ ಇರಬೇಕವಾ.”

“ಅಲ್ಲೇಳ್ರಿ. ಬಿಸಲಾಗ ನಿಂತಾಳ, ಕಣ್ಣ ಸಣ್ಣ ಮಾಡಿಲ್ಲ.”

ಇದಕ್ಕಿಂತ ಒಳ್ಳೆ ವಿಮರ್ಶೆ ನಾನು ಬರೀಲಾರೆ. ಬಾದಾಮಿಯ ಬಿಸಿಲಿನಲ್ಲಿ ನಿಂತವಳು ಕಣ್ಣು ಕಿರಿದು ಮಾಡ್ತಾಳೆ, ಸೆರಗು ತಲೆ ಮೇಲೆ ಎಳಕೋತಾಳೆ. ಈ ಎಲ್ಸಾ ನಿಂತಿರೋದು ಸ್ಟುಡಿಯೋ ಲೈಟಿನಲ್ಲಿ. ಸೀರೆಯನ್ನೂ ನೋಡಿ. ಇಳಕಲ್ ಸೀರೆಯ ಗುರುತು ಅದರ ತೇನಿ, ಅಂದರೆ ಸೆರಗು. ಕೆಂಪು ರೇಷ್ಮೆಯ ಮೇಲೆ ಬಿಳಿಯ ವಿನ್ಯಾಸ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸೋ ನೇಕಾರಿಕೆ ಅದು. ಚಿತ್ರದ ಸೀರೆಯಲ್ಲಿ ತೇನಿಯೇ ಇಲ್ಲ. ಅಂಚಿನ ತುಂಬ ಕಂಚಿಯ ಜರಿ. ಕುಪ್ಪಸ ಗುಳೇದಗುಡ್ಡದ ಖಣ ಅಲ್ಲ, ಮದುವೆ ಫೋಟೋಶೂಟಿನ ಡಿಸೈನರ್ ಬ್ಲೌಸು. ಮುಖ? ಅದೇ ಎಲ್ಸಾ. ಅದೇ ಮೂಗು, ಅದೇ ಗಲ್ಲ, ಬಣ್ಣ ಮಾತ್ರ ಹಾಲಿಗೆ ಎರಡು ಹನಿ ಡಿಕಾಕ್ಷನ್ ಬಿದ್ದಷ್ಟು.

ಯಾಕೆ ಹೀಗಾಗುತ್ತೆ ಅನ್ನೋದು ನಮ್ಮ ಕಸುಬಿನವರಿಗೆ ಗುಟ್ಟೇನಲ್ಲ. ಈ ಮಾಡೆಲ್ಲುಗಳು ಕಲಿಯೋದು ಚಿತ್ರ ಮತ್ತು ಅದರ ಕೆಳಗಿನ ಬರಹ ಎರಡನ್ನೂ ಜೋಡಿಸಿ. ‘ಎಲ್ಸಾ’ ಅನ್ನೋ ಪದಕ್ಕೆ ನೆಟ್ಟಿನಲ್ಲಿ ಎಣಿಸಲಾರದಷ್ಟು ಚಿತ್ರ ಇವೆ, ಎಲ್ಲದರಲ್ಲೂ ಒಂದೇ ಮುಖ. ‘ಇಳಕಲ್’ ಅನ್ನೋ ಪದಕ್ಕೆ ಇರೋದು ಅಂಗಡಿಯವರು ಹಾಕಿದ ಒಂದಿಷ್ಟು ಫೋಟೊ, ಮಡಿಸಿಟ್ಟ ಸೀರೆ. ಎರಡೂ ಪದ ಒಟ್ಟಿಗೆ ಕೊಟ್ಟರೆ ಗಟ್ಟಿ ಇರೋದು ಗೆಲ್ಲುತ್ತೆ. ಉಳಿದ ಜಾಗವನ್ನ ‘ಭಾರತೀಯ ಹೆಣ್ಣು’ ಅನ್ನೋದರ ಸರಾಸರಿ ತುಂಬುತ್ತೆ. ಆ ಸರಾಸರಿ ಬಂದಿರೋದು ಮದುವೆ ಆಲ್ಬಮ್ಮಿನಿಂದ, ಒಡವೆ ಜಾಹೀರಾತಿನಿಂದ. 2023ರ ಅಕ್ಟೋಬರಿನಲ್ಲಿ ‘ರೆಸ್ಟ್ ಆಫ್ ವರ್ಲ್ಡ್’ ಪತ್ರಿಕೆ ಮಿಡ್‌ಜರ್ನಿಯಿಂದ 3,000 ಚಿತ್ರ ಮಾಡಿಸಿ ನೋಡಿತ್ತು. ‘ಒಬ್ಬ ಭಾರತೀಯ ವ್ಯಕ್ತಿ’ ಅಂತ ಕೇಳಿದರೆ ಹೆಚ್ಚೂಕಮ್ಮಿ ಪ್ರತಿ ಸಲ ಬಂದಿದ್ದು ಗಡ್ಡ ಬಿಟ್ಟ ಮುದುಕ. ಬಿಟ್ಟಿ ಸಿಗೋ ಸರಾಸರಿಯನ್ನ ಸಂಸ್ಕೃತಿ ಅಂತ ಫಾರ್ವರ್ಡ್ ಮಾಡ್ತಿದೀವಿ. ಕೈಯಲ್ಲಿ ಬರೆಯೋ ಕಲಾವಿದನಿಗೆ ಈ ಸೋಮಾರಿತನ ಸಾಧ್ಯವಿಲ್ಲ. ಸೆರಗು ಎತ್ತ ಬೀಳಬೇಕು ಅಂತ ಅವನು ಒಂದು ಸಲವಾದರೂ ಯೋಚಿಸಲೇಬೇಕು, ಇಲ್ಲಾಂದರೆ ಗೆರೆ ಮುಂದೆ ಹೋಗಲ್ಲ.

ಹುಡುಗಿಯ ಪ್ರಶ್ನೆಗೆ ಬರ್ತೀನಿ. ‘ಯಾವೂರು?’ ಅನ್ನೋದು ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಕೇಳೋ ಮೊದಲ ಪ್ರಶ್ನೆ. ಪಾತ್ರಕ್ಕೆ ನೆಲ ಕೊಡೋದು ಅಂದರೆ ಇದಕ್ಕೆ ಉತ್ತರ ಕೊಡೋದು. ಅಲ್ಲಿಯವರೆಗೆ ಸರಿ. ಆದರೆ ಎರಡನೇ ಪ್ರಶ್ನೆಯೂ ಇದೆ: “ಯಾರ ಪೈಕಿ?” ಅದು ಜಾತಿ ಕೇಳೋ ಸಭ್ಯ ದಾರಿ. ಭಾರತೀಯ ಅವತಾರ ಬರೆಯೋ ಕಲಾವಿದರು, ಇಲ್ಲಿಯವರಾಗಲಿ ಅಮೆರಿಕದವರಾಗಲಿ, ಈ ಪ್ರಶ್ನೆ ಬಂದ ಕೂಡಲೇ ಕಿವುಡಾಗ್ತಾರೆ. ಕಿವುಡಾದರೂ ಉತ್ತರ ಮಾತ್ರ ಚಿತ್ರದಲ್ಲಿ ಬಂದೇಬಿಟ್ಟಿರುತ್ತೆ. ರೇಷ್ಮೆ, ವೀಣೆ, ಭರತನಾಟ್ಯ, ಮಲ್ಲಿಗೆ, ತುಳಸಿಕಟ್ಟೆ. ‘ಸಂಸ್ಕೃತಿ’ ಅಂದಾಗ ಕೈ ತಾನಾಗಿ ಹೋಗೋದು ಕೆಲವೇ ಮನೆಗಳ ಕಪಾಟಿಗೆ. ನಾಟಿ ಗದ್ದೆಯಲ್ಲಿ ಕಚ್ಚೆ ಹಾಕಿ ಬಗ್ಗಿದವಳ ಸೀರೆ, ಭುಜದ ಮೇಲೆ ಗಂಟು ಹಾಕಿ ಉಡೋ ಕುಣಬಿ ಹೆಂಗಸಿನ ಸೀರೆ, ಇವೂ ಈ ನೆಲದವೇ. ಇವನ್ನ ಉಟ್ಟ ರಾಜಕುಮಾರಿ ಬಂದರೆ ‘ಪ್ರಿನ್ಸೆಸ್ ಅಲ್ಲ, ಕೆಲಸದವಳ ಥರ ಇದಾಳೆ’ ಅಂತ ಕಮೆಂಟು ಬೀಳುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಸಿಂಡ್ರೆಲಾ ಇದ್ದಿದ್ದೇ ಮನೆಗೆಲಸದವಳಾಗಿ ಅನ್ನೋದು ಅಷ್ಟರಲ್ಲಿ ಮರೆತಿರುತ್ತೆ.

ಸಿಂಡ್ರೆಲಾ ಅಂದಕೂಡಲೇ ಒಂದು ಹಳೇ ಸಂಗತಿ. ‘ಅಮರ ಚಿತ್ರ ಕಥೆ’ಯ ಇಂಗ್ಲಿಷ್ ಸರಣಿ ಶುರುವಾಗೋದು ಸಂಖ್ಯೆ 11ರಿಂದ, ‘ಕೃಷ್ಣ’ದಿಂದ. ಮೊದಲ ಹತ್ತು ಎಲ್ಲಿ? ಅವು 1965ರಲ್ಲಿ ಕನ್ನಡದಲ್ಲಿ ಬಂದಿದ್ದವು, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ. ಅವು ಪುರಾಣದ ಕಥೆಗಳಲ್ಲ, ಪಾಶ್ಚಾತ್ಯ ಕಿನ್ನರಕಥೆಗಳು! ಕನ್ನಡ ಮಾತಾಡೋ ಬಿಳಿ ರಾಜಕುಮಾರಿಯರು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಸರಣಿ ಪುರಾಣದ ಕಡೆ ಹೊರಳಿತು. ಕೃಷ್ಣ ನೀಲಿಯಾದ, ದೇವತೆಗಳು ಬೆಳ್ಳಗಾದರು, ಅಸುರರು ಕಪ್ಪಾದರು. ಕಥೆ ನಮ್ಮದಾಯ್ತು, ಏಣಿ ಮಾತ್ರ ಹಾಗೇ ಉಳೀತು. ಕಾಲಿಯಾನ ವಂಶಾವಳಿ ಹುಡುಕೋರು ಇಲ್ಲಿಂದ ಶುರು ಮಾಡಬಹುದು.

ನಮ್ಮಲ್ಲಿ ನಡೆದ ಪ್ರಾಮಾಣಿಕ ಪ್ರಯತ್ನ ಅಂದರೆ ರವಿಶಂಕರ್ ಅವರ ‘ಪುಣ್ಯಕೋಟಿ’. ಇನ್ಫೋಸಿಸ್‌ನಲ್ಲಿ ಕೆಲಸ ಮಾಡ್ತಿದ್ದವರು, ಜನರಿಂದ ದುಡ್ಡು ಕೂಡಿಸಿ, ದೇಶದ ಬೇರೆ ಬೇರೆ ಕಡೆಯ ಅನಿಮೇಟರುಗಳಿಂದ ತುಂಡು ತುಂಡಾಗಿ ಕೆಲಸ ಮಾಡಿಸಿ, ಇಳಯರಾಜಾ ಸಂಗೀತ, ರೇವತಿ ದನಿ ಸೇರಿಸಿ ಮುಗಿಸಿದ ಚಿತ್ರ. 2020ರಲ್ಲಿ ನೆಟ್‌ಫ್ಲಿಕ್ಸಿಗೆ ಬಂತು. ಗೆರೆ ಅಲ್ಲಲ್ಲಿ ಬಡಕಲು, ಆದರೆ ಹುಲ್ಲುಗಾವಲು, ಬರ, ದನ ಕಾಯೋರ ನಡಿಗೆ ಎಲ್ಲಾ ಕಂಡು ಬರೆದಿದ್ದು. ಎರವಲು ಪಾತ್ರಕ್ಕೆ ಸೀರೆ ಉಡಿಸೋ ಬದಲು ಇಲ್ಲೇ ಇದ್ದ ಹಸುವನ್ನ ಎಬ್ಬಿಸಿದ್ದಾರೆ. ಒಂದೇ ತಕರಾರು: ಹಸು ಮಾತಾಡೋದು ಸಂಸ್ಕೃತದಲ್ಲಿ. ಮೊದಲ ಪೂರ್ಣಪ್ರಮಾಣದ ಸಂಸ್ಕೃತ ಅನಿಮೇಶನ್ ಚಿತ್ರ ಅನ್ನೋ ಹೆಗ್ಗಳಿಕೆ ಸಿಕ್ಕಿತು ನಿಜ. ಆದರೆ ಕರ್ನಾಟಕದ ಮಕ್ಕಳು ತಲೆಮಾರಿನಿಂದ ಕನ್ನಡದಲ್ಲಿ ಕೇಳಿ ಅತ್ತ ಹಸು ಅದು. ಅದರ ಬಾಯಿಂದ ಆ ಭಾಷೆ ಕಿತ್ತುಕೊಂಡ ಮೇಲೆ ನನ್ನ ಅಕ್ಕನ ಮಗಳು ಅದನ್ನ ಸಬ್‌ಟೈಟಲ್ ಓದಿ ನೋಡಬೇಕು.

ಇದಕ್ಕಿಂತ ನನಗೆ ಹೆಚ್ಚು ನೆನಪಿರೋದು ದೂರದರ್ಶನದ ಮೋಗ್ಲಿ. ಜಪಾನಿನವರು ಮಾಡಿದ್ದು, ಹಿಂದಿಯಲ್ಲಿ ಬರ್ತಿತ್ತು, ಗುಂಜಿಯಲ್ಲಿ ಅರ್ಧ ಮಕ್ಕಳಿಗೆ ಹಿಂದಿ ಬರ್ತಿರಲಿಲ್ಲ. ಆದರೂ ಅವನು ನಮ್ಮವನಾಗಿದ್ದ. ಕಾರಣ ಈಗ ಹೊಳೆಯುತ್ತೆ. ಅವನು ಮರ ಹತ್ತೋ ರೀತಿ, ಬರಿಗಾಲಲ್ಲಿ ಓಡೋ ರೀತಿ, ಪ್ರಾಣಿ ಬಂತು ಅಂದರೆ ತಟ್ಟನೆ ನಿಂತು ಕಿವಿ ಕೊಡೋ ರೀತಿ. ನಮ್ಮ ಕಡೆ ಇವತ್ತಿಗೂ ಕರಡಿ ಕಾಟ ಇದೆ, ಸಂಜೆ ಮೇಲೆ ಕಾಡಂಚಿನಲ್ಲಿ ನಡೆಯೋರು ಹಾಗೇ ನಿಂತು ಕಿವಿ ಕೊಡ್ತಾರೆ. ಮೋಗ್ಲಿಯ ಮೈ ಕಂದು ಅನ್ನೋದಕ್ಕಿಂತ ಆ ಮೈಗೆ ಕಾಡು ಗೊತ್ತಿತ್ತು ಅನ್ನೋದು ಮುಖ್ಯವಾಗಿತ್ತು.

ಹಾಗಾಗಿ ಯಾರಾದರೂ ಗುಂಜಿಯ ಸ್ಪೈಡರ್‌ಮ್ಯಾನ್ ಬರೀತೀನಿ ಅಂದರೆ ವೇಷದ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲ್ಲ. ಅವನು ಬಲೆ ಎಲ್ಲಿಗೆ ಎಸೀತಾನೆ ಅಂತ ಕೇಳ್ತೀನಿ. ನಮ್ಮಲ್ಲಿ ಮೂರು ಮಹಡಿಯ ಕಟ್ಟಡ ಹುಡುಕಬೇಕು. ಮತ್ತಿ ಮರಕ್ಕೆ ಎಸೆದರೆ ಮಳೆಗಾಲದಲ್ಲಿ ತೊಗಟೆ ಪಾಚಿ ಹಿಡಿದು ಜಾರುತ್ತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸೂಟಿನ ಮೇಲೆ ಕಂಬಳಿ ಕೊಪ್ಪೆಯೋ ಪ್ಲಾಸ್ಟಿಕ್ ಹಾಳೆಯೋ ಬೇಕೇ ಬೇಕು. ಬೈಯೋದು ಮರಾಠಿಯಲ್ಲಿ, ಲೆಕ್ಕ ಹೇಳೋದು ಕನ್ನಡದಲ್ಲಿ, ಮೊಬೈಲ್ ರಿಪೇರಿ ಅಂಗಡಿಯವನ ಹತ್ತಿರ ಹಿಂದಿಯಲ್ಲಿ. ಗಡಿ ಗಲಾಟೆಯ ದಿನ ಬಸ್ಸಿಗೆ ಕಲ್ಲು ಬಿದ್ದರೆ ಅವನು ಕಲ್ಲನ್ನ ಹಿಡೀಬೇಕೋ ಬೋರ್ಡಿನ ಭಾಷೆ ನೋಡಿ ಹಿಡೀಬೇಕೋ ಅನ್ನೋದು ಮೊದಲ ಸಂಚಿಕೆಗೇ ಸಾಕಾಗುತ್ತೆ. ಮಾವಶಿಗೆ ಅವನು ಯಾರು ಅಂತ ಗೊತ್ತಾಗದ ಹಾಗೆ ಮುಚ್ಚಿಡೋದಂತೂ ಆಗದ ಮಾತು. ಸೂಟು ಒಗೆದು ಹಿತ್ತಲ ತಂತಿಯ ಮೇಲೆ ಒಣಹಾಕಿದ ಸಂಜೆಯೇ ಇಡೀ ಓಣಿಗೆ ಗೊತ್ತಾಗಿರುತ್ತೆ.